ಮೂಡಿಗೆರೆ–ಕಳಸ ಲೈನಿಗೆ ಕರೆಂಟ್ ಮ್ಯಾಕ್ಸಿಕ್ಯಾಬ್ ಆಗುತ್ತಾ?

ಕೊಟ್ಟಿಗೆಹಾರ ಟ್ರಿಪ್:
ಮೂಡಿಗೆರೆಯಿಂದ ಕೊಟ್ಟಿಗೆಹಾರ ಮೇಲೆ ಕಳಸಕ್ಕೆ 12 ಸೀಟಿನ ಮ್ಯಾಕ್ಸಿಕ್ಯಾಬ್ ಓಡಿಸುತ್ತೇನೆ. ಬೆಳಗ್ಗೆ ತೋಟದ ಕೆಲಸದವರು, ಕಾಲೇಜು ಮಕ್ಕಳು. ಮಧ್ಯಾಹ್ನ ಸೀಟು ತುಂಬುವವರೆಗೆ ಸ್ಟ್ಯಾಂಡಿನಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಇರುವ ಕಡೆ ಹೆಂಗಸರು ಬಸ್ಸಿಗೇ ಹತ್ತುತ್ತಾರೆ, ಅದು ನ್ಯಾಯವೇ. ಆದರೆ ಬಸ್ ಬಾರದ ಒಳರಸ್ತೆಯವರಿಗೆ ನಾವೇ ಗತಿ. ಡೀಸೆಲ್ ಹಾಕಿ, ಕಂತು ಕಟ್ಟಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕರೆಂಟ್ ಗಾಡಿ ತಗೊಂಡರೆ ಏರು ಹತ್ತುತ್ತಾ? ಆಷಾಢದಲ್ಲಿ ಮರ ಬಿದ್ದು ಲೈನ್ ಹರಿದರೆ ಚಾರ್ಜ್ ಎಲ್ಲಿ ಮಾಡೋದು?

ವೈರಿಂಗ್ ಕೆಲಸದವನು:
ಅಣ್ಣಾ, ಏರಿನ ಚಿಂತೆ ಬಿಡಿ. ಜನ ತುಂಬಿದ 3 ಟನ್ ಗಾಡಿ 500 ಮೀಟರ್ ಎತ್ತರ ಹತ್ತಲು ಬೇಕಾಗೋದು ಸುಮಾರು 4 ಯೂನಿಟ್, ಮೋಟಾರಿನಲ್ಲಿ ಪೋಲಾಗೋದು ಸೇರಿದರೆ 5 ಅನ್ನಿ. ಇಳಿಯುವಾಗ ಬ್ರೇಕ್ ಹಿಡಿದರೆ ಮೋಟಾರೇ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಡೀಸೆಲ್ ಗಾಡಿಗೆ ಆ ಭಾಗ್ಯ ಇಲ್ಲ. ನಿಮಗೆ ನಿಜವಾದ ಲಾಭ ಮಧ್ಯಾಹ್ನದ್ದು. ಹೇಗೂ ಸ್ಟ್ಯಾಂಡಿನಲ್ಲಿ ನಿಂತಿರುತ್ತೀರಿ, ಅಷ್ಟು ಹೊತ್ತು ಪ್ಲಗ್ ಹಾಕಿಡಿ. ಒಬ್ಬರೇ ಚಾರ್ಜರ್ ಹಾಕಿಸೋದು ದುಬಾರಿ. ಸಂಘದವರೆಲ್ಲ ಸೇರಿ ಸ್ಟ್ಯಾಂಡಿಗೇ ಒಂದು ತ್ರೀ ಫೇಸ್ ಕನೆಕ್ಷನ್ ತಗೊಳ್ಳಿ. ಕರೆಂಟ್ ಗಾಡಿ (ಇವಿ) ಚಾರ್ಜಿಂಗ್‌ಗೆ ಬೇರೆಯೇ ದರ ಇದೆ. ಮಳೆಗಾಲದ ಪ್ರಶ್ನೆ ಮಾತ್ರ ದೊಡ್ಡದು. ಮೂಡಿಗೆರೆ, ಕಳಸ ಎರಡೂ ಕಡೆ ಚಾರ್ಜರ್ ಇದ್ದರೆ ಒಂದು ಕಡೆ ಕರೆಂಟ್ ಹೋದರೂ ಇನ್ನೊಂದು ಕಡೆ ನಡೆಯುತ್ತದೆ.

ಆಲ್ದೂರು ಓದುಗಿ:
ಕಠ್ಮಂಡುವಿನಲ್ಲಿ 1990ರ ದಶಕದಿಂದಲೇ ಇದು ನಡೆದಿದೆ. ಅಲ್ಲಿ ಬ್ಯಾಟರಿಯಲ್ಲಿ ಓಡುವ ಮೂರು ಚಕ್ರದ ಸಫಾ ಟೆಂಪೋ, ನಿಮ್ಮ ಹಾಗೆಯೇ ಸೀಟಿಗಿಷ್ಟು ಅಂತ ದುಡ್ಡು. ಹೊಗೆ ಉಗುಳುವ ಡೀಸೆಲ್ ವಿಕ್ರಮ್ ಟೆಂಪೋಗಳನ್ನು 1999ರಲ್ಲಿ ಕಣಿವೆಯಿಂದ ಹೊರಗೆ ಹಾಕಿದ ಮೇಲೆ ಇವು ಜಾಸ್ತಿಯಾದವು. ಖಾಲಿ ಬ್ಯಾಟರಿ ಇಳಿಸಿ, ಚಾರ್ಜ್ ಆಗಿದ್ದನ್ನು ಏರಿಸಿ ಹೊರಡುತ್ತಿದ್ದರು. ಓಡಿಸುವವರಲ್ಲಿ ತುಂಬಾ ಹೆಂಗಸರು! ಅವರನ್ನು ಕಾಡಿದ್ದು ಬ್ಯಾಟರಿಯ ಖರ್ಚು. ಹಳೆಯ ಕಾಲದ ಸೀಸದ ಬ್ಯಾಟರಿ ಬೇಗ ಸವೆಯುತ್ತಿತ್ತು. ಹಾಗಾಗಿ ಗಾಡಿ ಬೆಲೆಗಿಂತ ಮೊದಲು ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ, ಎಷ್ಟು ಕಿಲೋಮೀಟರ್‌ಗೆ ಅಂತ ಬರೆಸಿಕೊಳ್ಳಿ.

ಪೇಪರ್ ಕೆಲಸ:
ಸಬ್ಸಿಡಿ ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ. ಕರೆಂಟ್ ಗಾಡಿಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ ಸಬ್ಸಿಡಿ ಯೋಜನೆ ಪಿಎಂ ಇ-ಡ್ರೈವ್‌ನಲ್ಲಿ ಸೇರಿಸಿದ್ದು ಬಸ್, ಲಾರಿ, ಆಂಬುಲೆನ್ಸ್, ಎರಡು ಮತ್ತು ಮೂರು ಚಕ್ರದ ಗಾಡಿಗಳನ್ನು. ನಾಲ್ಕು ಚಕ್ರದ ಟ್ಯಾಕ್ಸಿ ಇಲ್ಲ. ನಮ್ಮಂಥ ಊರಿಗೆ ಅತಿ ಬೇಕಾದದ್ದನ್ನೇ ಬಿಟ್ಟಿದ್ದಾರೆ, ಬೇಸರ ಆಗುತ್ತದೆ. ಒಂದು ಅನುಕೂಲ ಇದೆ: ಬ್ಯಾಟರಿ ಗಾಡಿಗಳಿಗೆ ಕೇಂದ್ರ 2018ರಲ್ಲೇ ಪರ್ಮಿಟ್ ವಿನಾಯಿತಿ ಕೊಟ್ಟಿದೆ, ಆರ್‌ಟಿಒದಲ್ಲಿ ವಿಚಾರಿಸಿ. ಹಳೇ ಗಾಡಿಗೇ ಮೋಟಾರ್ ಕೂರಿಸುತ್ತೇವೆ ಅಂತ ಯಾರಾದರೂ ಬಂದರೆ, ಕಿಟ್‌ಗೆ ಮಾನ್ಯತೆ ಇದೆಯಾ, ಆರ್‌ಸಿ ಬದಲಾಗುತ್ತಾ ಕೇಳಿ. ಇಲ್ಲದಿದ್ದರೆ ಇನ್ಶೂರೆನ್ಸ್ ಸಿಗೋದು ಕಷ್ಟ.

ಕೊಟ್ಟಿಗೆಹಾರ ಟ್ರಿಪ್:
ಎಲ್ಲರಿಗೂ ಥ್ಯಾಂಕ್ಸ್. ಸ್ಟ್ಯಾಂಡಿಗೆ ಚಾರ್ಜರ್ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಸಂಘದ ಮುಂದೆ ಇಡುತ್ತೇನೆ. ಮಲೆನಾಡಲ್ಲಿ ಯಾರಾದರೂ ಒಂದು ಮಳೆಗಾಲ ಪೂರ್ತಿ ಇಂಥ ಗಾಡಿ ಓಡಿಸಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.