ಕುಡು ಚೆಲ್ಸಿ ಬೂಟ್: ಎಡಗಾಲಿನದಕ್ಕೆ ಮಾತ್ರ ಬಿಳಿ ಹಿಡಿಯುತ್ತಿದೆ, ಒರೆಸಿದರೂ ಮತ್ತೆ ಬರುತ್ತೆ

ತೀರ್ಥಹಳ್ಳಿ_ಚೆಲ್ಸಿ:
ತಲೆ ಕೆಟ್ಟು ಹೋಗಿದೆ. ಅಳತೆ ಕೊಟ್ಟು ಕೈಯಲ್ಲೇ ಹೊಲಿಸಿದ ಚೆಲ್ಸಿ ಬೂಟು, ಲೇಸ್ ಇಲ್ಲದೆ ಪಕ್ಕದಲ್ಲಿ ಇಲಾಸ್ಟಿಕ್ ಇರೋದು. ವ್ಯಾಕ್ಸ್ಡ್ ಕುಡು, ಅಂದ್ರೆ ಮೇಣ ಕುಡಿಸಿದ ಚಿಗರೆ ತೊಗಲು, ಗಾಯದ ಗೆರೆ ಎಲ್ಲ ಹಾಗೇ ಇರುವಂಥದ್ದು. ಮಳೆ ಹಿಡಿದಾಗಿನಿಂದ ಎಡಗಾಲಿನ ಬೂಟಿನ ಮೇಲೆ ಬಿಳಿ ಪುಡಿ ಏಳುತ್ತಿದೆ. ಒರೆಸಿದರೆ ಹೋಗುತ್ತೆ, ಆಮೇಲೆ ಮತ್ತೆ ಹಾಜರು. ಬಲಗಾಲಿನದಕ್ಕೆ ಏನೂ ಆಗಿಲ್ಲ. ಎರಡೂ ಒಂದೇ ಕಡೆ ಇಡೋದು. ಯಾವ ಪಾಲಿಶ್ ಹಾಕಬೇಕು ಅಂತ ಹೇಳಿ ಸಾಕು. 'ಮಲೆನಾಡಲ್ಲಿ ಲೆದರ್ ಯಾಕೆ' ಅನ್ನುವವರು ದಯವಿಟ್ಟು ಮುಂದೆ ಹೋಗಿ.

ಕೊಪ್ಪದ_ಕಾಫಿ:
ಬೂಷ್ಟು. ಫೋಟೋನೂ ಬೇಡ. ನಮ್ಮನೇಲಿ ಈಗ ಬೆಲ್ಟು, ಕ್ಯಾಮೆರಾ ಬ್ಯಾಗು, ಮದುವೆ ಆಲ್ಬಮ್ಮು, ಎಲ್ಲಕ್ಕೂ ಬೂಷ್ಟೇ. ನೀರು, ವಿನೆಗರ್ ಸಮ ಬೆರೆಸಿ ಒರೆಸಿ. ಆಮೇಲೆ ಬಿಸಿಲಿಗೆ ಇಡಿ.

ತೀರ್ಥಹಳ್ಳಿ_ಚೆಲ್ಸಿ:
ಆಷಾಢದಲ್ಲಿ ಬಿಸಿಲಾ? ಎಲ್ಲಿ ಸಿಗುತ್ತೆ ಮಾರಾಯ್ರೆ, ಅಡ್ರೆಸ್ ಕೊಡಿ.

ಸೀಡರ್_ಸಾಗರ:
ನೋಡದೆ ಬೂಷ್ಟು ಅನ್ನಬೇಡಿ. ಕುಡು ಆಫ್ರಿಕಾದ ಚಿಗರೆ ಜಾತಿ. ಮುಳ್ಳುಪೊದೆಯಲ್ಲಿ ಓಡಾಡಿ ಮೈಯೆಲ್ಲ ಗೀರು. ಇಂಗ್ಲೆಂಡಿನ ಲೀಡ್ಸ್‌ನ ಸಿ. ಎಫ್. ಸ್ಟೆಡ್ ಟ್ಯಾನರಿಯ (ತೊಗಲು ಹದ ಮಾಡೋ ಕಾರ್ಖಾನೆ) ವ್ಯಾಕ್ಸ್ಡ್ ಕುಡು ನೋಡಿದವರಿಗೆ ಗೊತ್ತು, ತೊಗಲಿನೊಳಗೆ ಎಷ್ಟು ಮೇಣ ಇರುತ್ತೆ ಅಂತ. ಥಂಡಿಗೆ ಆ ಕೊಬ್ಬು, ಮೇಣ ಮೇಲೆದ್ದು ಬಿಳಿ ಕಟ್ಟುತ್ತೆ. ಬ್ಲೂಮ್ ಅಂತಾರೆ. ಕಾಯಿಲೆ ಅಲ್ಲ.

ಹೇರ್ ಡ್ರೈಯರ್ ಹಿಡಿದು ನೋಡಿ. ಕರಗಿ ಒಳಗೆ ಇಳಿದರೆ ಕೊಬ್ಬು. ಒದ್ದೆ ಬಟ್ಟೆಗೆ ಕರಗಿ, ಒಣಗಿದ ಮೇಲೆ ಅಂಚು ಕಟ್ಟಿಕೊಂಡು ಮತ್ತೆ ಕಂಡರೆ ಉಪ್ಪು. ಬೂಷ್ಟಾದರೆ ಮುಗ್ಗಲು ವಾಸನೆ ಇರುತ್ತೆ, ಲೆನ್ಸ್ ಇಟ್ಟರೆ ನೂಲು ನೂಲಾಗಿ ಕಾಣುತ್ತೆ.

ಬೂಟಿಗೆ ಏನು ಹಚ್ಚುತ್ತೀರಿ, ಎಲ್ಲಿ ಇಡುತ್ತೀರಿ? ಅದನ್ನೇ ಬರೆದಿಲ್ಲವಲ್ಲ.

ಕೊಪ್ಪದ_ಕಾಫಿ:
ಕೊಬ್ಬಾದರೆ ಎರಡೂ ಕಾಲಿಗೆ ಬರಬೇಕಿತ್ತು, ಅಲ್ವಾ? ಒಂದಕ್ಕೇ ಬಂದಿದೆ ಅಂದ್ರೆ ಬೂಷ್ಟೇ. ವಿನೆಗರ್.

ಸೀಡರ್_ಸಾಗರ:
ಒಂದೇ ಜೊತೆ ಅಂದ ಮಾತ್ರಕ್ಕೆ ಎರಡೂ ತೊಗಲಿನ ಒಂದೇ ಜಾಗದ್ದು ಅಂತೇನಿಲ್ಲ. ಬೆನ್ನಿನ ಕಡೆ ಬಿಗಿ, ಹೊಟ್ಟೆ ಕಡೆ ಸಡಿಲ. ಎಣ್ಣೆ ಕುಡಿಯೋ ಲೆಕ್ಕವೇ ಬೇರೆ. ನಿಮ್ಮ ವಿನೆಗರ್ ಜಪ ಸ್ವಲ್ಪ ನಿಲ್ಲಿಸಿ.

ಕೊಪ್ಪದ_ಕಾಫಿ:
ಅಜ್ಜನ ಕೋವಿ ಬೆಲ್ಟು ಇವತ್ತಿಗೂ ಗಟ್ಟಿ ಇದೆ. ವಿನೆಗರ್‌ನಿಂದಲೇ.

ಶೆಲ್_ಶಿವಮೊಗ್ಗ:
ಇದಕ್ಕೇ ನಾನು ಶೆಲ್ ಕಾರ್ಡೋವನ್ ಬಿಟ್ಟು ಬೇರೆ ಮುಟ್ಟಲ್ಲ. ಷಿಕಾಗೋದ ಹಾರ್ವೀನ್ ಟ್ಯಾನರಿದು. ಕುದುರೆಯ ಹಿಂಭಾಗದ ತೊಗಲು, ಹದ ಮಾಡೋಕೇ ಆರು ತಿಂಗಳು. ಗಾಜಿನ ಕಪಾಟು, ಒಳಗೆ ಡೀಹ್ಯುಮಿಡಿಫೈಯರ್, ತೇವ 50 ಪರ್ಸೆಂಟ್ ದಾಟೋ ಹಾಗಿಲ್ಲ. ಮುಂದಿನ ಗುರಿ ರಷ್ಯನ್ ಹಿಮಸಾರಂಗ. 1786ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಹತ್ತಿರ ಮುಳುಗಿದ ಮೆಟ್ಟಾ ಕ್ಯಾಥರೀನಾ ಹಡಗಿನಲ್ಲಿದ್ದ ತೊಗಲು. 1973ರಲ್ಲಿ ಹಡಗು ಸಿಕ್ಕಿತು. ಅಷ್ಟು ಕಾಲ ಕೆಸರಲ್ಲಿದ್ದರೂ ಬೂಷ್ಟು ಹಿಡಿದಿರಲಿಲ್ಲ, ನೋಡಿ!

ಸೀಡರ್_ಸಾಗರ:
ಕೆಸರಿನೊಳಗೆ ಗಾಳಿಯೇ ಇಲ್ಲ ಸ್ವಾಮಿ, ಬೂಷ್ಟು ಹೇಗೆ ಹಿಡಿಯುತ್ತೆ? ಶೆಲ್ ಮೇಲೆ ಮಳೆಹನಿ ಬಿದ್ದರೆ ಗುಳ್ಳೆ ಗುಳ್ಳೆ ಏಳುತ್ತೆ, ಅದನ್ನೂ ಹೇಳಿ.

ಶೆಲ್_ಶಿವಮೊಗ್ಗ:
ನಾನು ಮಳೇಲಿ ಹಾಕಲ್ಲ.

ಗಮ್‌ಬೂಟ್_ಗೌಡ:
ಮತ್ತೆ ಯಾವಾಗ ಹಾಕ್ತೀರಿ?

ಶೆಲ್_ಶಿವಮೊಗ್ಗ:
ಬೆಂಗಳೂರಿಗೆ ಹೋಗುವಾಗ.

ತೀರ್ಥಹಳ್ಳಿ_ಚೆಲ್ಸಿ:
ನನ್ನ ಬೂಟಿನ ವಿಷಯಕ್ಕೆ ಬರೋಣವಾ? ಡ್ರೈಯರ್ ಹಿಡಿದೆ. ಮೂತಿಯ ಮೇಲಿನ ಬಿಳಿ ಕಣ್ಣೆದುರೇ ಕರಗಿತು, ಆ ಜಾಗ ಕಪ್ಪಗೆ ಮಿಂಚಿತು. ಗೀರುಗಳ ಒಳಗೆ ಕೂತದ್ದು ಸ್ವಲ್ಪ ಸತಾಯಿಸಿ ಹೋಯ್ತು. ಆದರೆ ಇಲಾಸ್ಟಿಕ್ ಪಕ್ಕದ ಹೊಲಿಗೆಯಲ್ಲಿ ಇರೋದು ಕದಲಲಿಲ್ಲ. ಸ್ವಲ್ಪ ಹಸಿರು, ಒದ್ದೆ ಗೋಣಿಚೀಲದ ವಾಸನೆ.

ಹಚ್ಚೋದು ಮಾಮೂಲಿ ಮಿಂಕ್ ಆಯಿಲ್ (ತೊಗಲಿಗೆ ಹಚ್ಚೋ ಕೊಬ್ಬಿನೆಣ್ಣೆ), ವಾರಕ್ಕೊಂದು ಸಲ. ನೆನೆದರೆ ಬಚ್ಚಲ ಒಲೆ ಪಕ್ಕ ಒಣಗಿಸೋದು. ಎಲ್ಲರೂ ಅದೇ ಮಾಡೋದಲ್ವಾ? ಆಮೇಲೆ ಜಗಲಿಯ ಸ್ಟ್ಯಾಂಡಿಗೆ. ಎಡಗಾಲಿನದು ಜಂಬಿಟ್ಟಿಗೆ ಗೋಡೆಗೆ ಒರಗಿ ಇರುತ್ತೆ.

ಕೊಪ್ಪದ_ಕಾಫಿ:
ಹಸಿರು ಅಂದ್ರಲ್ಲ! ನಾನು ಮೊದಲೇ ಹೇಳಿದ್ದೆ.

ಸೀಡರ್_ಸಾಗರ:
ಮೂತಿಯದು ಕೊಬ್ಬು ಅಂತ ನಾನೂ ಹೇಳಿದ್ದೆ. ಚೆಲ್ಸಿಯವರೇ, ವಾರಕ್ಕೊಂದು ಸಲ ಮಿಂಕ್ ಆಯಿಲ್?! ಆಗಲೇ ಮೇಣ ತುಂಬಿರುವ ತೊಗಲು, ಇನ್ನು ಕುಡಿಯೋಕೆ ಜಾಗ ಎಲ್ಲಿದೆ? ವರ್ಷಕ್ಕೆ ಒಂದೆರಡು ಸಲ ಸಾಕು. ಗೋಡೆ ಮಳೆಗಾಲ ಪೂರ್ತಿ ಥಂಡಿ. ಅದಕ್ಕೇ ಎಡಗಾಲಿನದು ಮೊದಲು ಬಿಳಿ ಕಟ್ಟಿರಬೇಕು. ಬೂಟು ಅದಲು ಬದಲು ಇಡಿ. ಬಲಗಾಲಿನದಕ್ಕೂ ಬಂದರೆ ಗೋಡೆಯದೇ ಕೆಲಸ. ಆಮೇಲೆ ಸ್ಟ್ಯಾಂಡನ್ನೇ ಒಂದು ಗೇಣು ಈಚೆಗೆ ಎಳೆಯಿರಿ.

ಹೊಲಿಗೆಯ ಬೂಷ್ಟಿಗೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್. ಹತ್ತಿಯಲ್ಲಿ ಅದ್ದಿ ಹಿಂಡಿ, ಮೊದಲು ಕಾಣದ ಜಾಗದಲ್ಲಿ ಒರೆಸಿ, ಬಣ್ಣ ಬಿಡುತ್ತಾ ನೋಡಿ. ಮನೆ ಹೊರಗೆ ಕೂತು ಮಾಡಿ. ಒಳಗೆ ಹಳೇ ಪೇಪರ್ ತುಂಬಿ ಫ್ಯಾನ್ ಕೆಳಗಿಡಿ, ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ಒಲೆ ಹತ್ತಿರ ಬೇಡವೇ ಬೇಡ.

ಗಮ್‌ಬೂಟ್_ಗೌಡ:
ಇದನ್ನ ತೋಟಕ್ಕೂ ಹಾಕ್ತೀರಾ? ಉಂಬಳ ಇಲಾಸ್ಟಿಕ್ ಹತ್ತಿ ಒಳಗೆ ಇಳಿಯಲ್ವಾ?

ತೀರ್ಥಹಳ್ಳಿ_ಚೆಲ್ಸಿ:
ತೋಟಕ್ಕೆ ಯಾರು ಹಾಕ್ತಾರೆ? ಮಿಂಕ್ ಆಯಿಲ್ ಡಬ್ಬಿ ಮೇಲೇ ಲೆದರ್‌ಗೆ ಒಳ್ಳೇದು ಅಂತ ಬರೆದಿದೆಯಲ್ಲ. ಹೋಗಲಿ. ಇಲಾಸ್ಟಿಕ್ ಈಗ ಅಲೆ ಅಲೆಯಾಗಿದೆ, ಹಿಮ್ಮಡಿ ಜಾರುತ್ತೆ. ಅದೂ ಬೂಷ್ಟಿನಿಂದಲೇನಾ?

ಲಾಸ್ಟ್_ಲೆದರ್:
ಅಲ್ಲ, ಎಣ್ಣೆ ಮತ್ತು ಒಲೆ. ಇಲಾಸ್ಟಿಕ್ ಒಳಗೆ ರಬ್ಬರ್ ಎಳೆ ಇದ್ದರೆ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತೆ, ಶಾಖಕ್ಕೆ ಬಿಗಿ ಬಿಡುತ್ತೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರ್ ಕಾಯಿಸಿದ ಮೇಲೆ ಬಾಳಿಕೆ ಬರೋ ರಬ್ಬರ್ ಸಿಕ್ಕಿದ್ದು. ಲಂಡನ್ನಿನ ಬೂಟು ತಯಾರಕ ಸ್ಪಾರ್ಕ್ಸ್ ಹಾಲ್ ವಿಕ್ಟೋರಿಯಾ ರಾಣಿಗೆ ಮಾಡಿಕೊಟ್ಟದ್ದೂ ಇಲಾಸ್ಟಿಕ್ ಬೂಟೇ. ಸತ್ತ ಇಲಾಸ್ಟಿಕ್ ಏನು ಹಚ್ಚಿದರೂ ಏಳಲ್ಲ, ಬಿಚ್ಚಿ ಹೊಸದು ಹೊಲಿಸಬೇಕು. ಹಳೇ ತೂತಲ್ಲೇ ಸೂಜಿ ಹೋಗಬೇಕು. ಪಕ್ಕದಲ್ಲಿ ಹೊಸ ತೂತು ಬಿದ್ದರೆ ಅಂಚಿನ ತೊಗಲು ಹರಿಯುತ್ತೆ.

ತೀರ್ಥಹಳ್ಳಿ_ಚೆಲ್ಸಿ:
ಅದಲು ಬದಲು ಇಟ್ಟಿದ್ದೆ. ಬಲಗಾಲಿನ ಮೂತಿಯೂ ಬಿಳಿ ಆಗ್ತಿದೆ. ಸ್ಟ್ಯಾಂಡು ಎಳೆದಾಯ್ತು, ಹೊಲಿಗೆ ಒರೆಸಿದ್ದೂ ಆಯ್ತು, ವಾಸನೆ ಕಡಿಮೆ ಆಗಿದೆ. ಈಗ ಶಿವಮೊಗ್ಗದಲ್ಲಿ ಹಳೇ ತೂತಲ್ಲೇ ಇಲಾಸ್ಟಿಕ್ ಹೊಲಿದು ಕೊಡುವವರು ಯಾರಾದರೂ ಇದ್ದಾರಾ?

ಶೆಲ್_ಶಿವಮೊಗ್ಗ:
ನನ್ನದೆಲ್ಲ ಲೇಸ್ ಬೂಟು, ಅದರ ಗೋಳೇ ಇಲ್ಲ. ಕಪಾಟಿನ ಫೋಟೋ ಹಾಕಿದ್ದೀನಿ, ನೋಡಿ.

ಗಮ್‌ಬೂಟ್_ಗೌಡ:
ಕಪಾಟು ಸೂಪರ್. ಕರೆಂಟ್ ಹೋದಾಗ ಏನು ಮಾಡ್ತೀರಿ?