ಬಾಡಿಗೆ ಮನೆಗೆ ಬಂದ ಮೇಲೆ ಬೆಕ್ಕು ಹೆದರಿಕೊಂಡಿದೆ, ಮಾತ್ರೆ ತಿನ್ನಿಸಲು ಆಗುತ್ತಿಲ್ಲ. ಅನುಭವ ಇದ್ದವರು ಹೇಳಿ

ಕುಂಬಳೆಯಿಂದ, ಪ್ರಶ್ನೆ:

ನಮ್ಮ ಬೆಕ್ಕು ಕೆಂಚನಿಗೆ ಆರು ವರ್ಷ. ಹಳೇ ಹಂಚಿನ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಅಲ್ಲಿಯವರೆಗೆ ಹೆದ್ದಾರಿ ಬದಿಯಲ್ಲಿ ಬಾಡಿಗೆ ಮನೆ. ಬಂದು ಐದು ವಾರ ಆಯಿತು. ರಾತ್ರಿಯಿಡೀ ಲಾರಿ ಸದ್ದು. ಕೆಂಚ ಹಗಲೆಲ್ಲ ಮಂಚದ ಅಡಿಯಲ್ಲೇ ಇರುತ್ತಾನೆ. ಮಡಚಿಟ್ಟ ಬಟ್ಟೆಯ ಮೇಲೆ ಮೂತ್ರ ಮಾಡುತ್ತಾನೆ. ಒಮ್ಮೆ ಅದರಲ್ಲಿ ರಕ್ತದ ಬಣ್ಣ ಕಂಡಿತು. ಹೊಟ್ಟೆಯ ರೋಮ ನೆಕ್ಕಿ ನೆಕ್ಕಿ ಅಂಗೈಯಗಲ ಬೋಳಾಗಿದೆ. ಡಾಕ್ಟರಿಗೆ ತೋರಿಸಿದೆವು. ಮೂತ್ರಚೀಲದಲ್ಲಿ ಉರಿಯೂತ, ಬೆಕ್ಕಿಗೆ ಇದು ಹೆದರಿಕೆಯಿಂದಲೂ ಬರುತ್ತದೆ ಎಂದರು. ನೋವಿಗೆ ಏಳು ದಿನದ ಮಾತ್ರೆ ಕೊಟ್ಟಿದ್ದಾರೆ. ಮೂರು ದಿನದಲ್ಲಿ ಎರಡೇ ಮಾತ್ರೆ ಒಳಗೆ ಹೋದದ್ದು. ಮಂಚದ ಅಡಿಯಿಂದ ಎಳೆದು, ಇಬ್ಬರು ಹಿಡಿದು, ಬಾಯಿ ಬಿಡಿಸಿ ಹಾಕುತ್ತೇವೆ. ಈಗ ನನ್ನ ಕೈ ಕಂಡರೇ ಓಡುತ್ತಾನೆ. ಮೊದಲು ನನ್ನ ಮಡಿಲಲ್ಲೇ ಮಲಗುತ್ತಿದ್ದವನು. ಏನು ಮಾಡಲಿ?

ನೀರ್ಚಾಲಿನಿಂದ:

ಬೇರೆಲ್ಲ ಆಮೇಲೆ. ಮೊದಲು ಒಂದು ನೋಡಿ, ಕೆಂಚನಿಗೆ ಮೂತ್ರ ಸರಿಯಾಗಿ ಹೋಗುತ್ತಿದೆ ತಾನೇ? ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ. ಉರಿಯೂತ ಆದಾಗ ಒಳಗೆ ಲೋಳೆ, ಹರಳು ಕಟ್ಟಿಕೊಂಡು ಪೂರ್ತಿ ಮುಚ್ಚಿ ಹೋಗಬಹುದು. ಮೂತ್ರ ಮಾಡಲು ಇಟ್ಟ ಹೊಯಿಗೆಗೆ (ಮರಳಿಗೆ) ಮತ್ತೆ ಮತ್ತೆ ಹೋಗಿ ಕೂತು ಮುಕ್ಕುತ್ತಾ (ತಿಣುಕುತ್ತಾ) ಇದ್ದು, ಒಂದು ಹನಿಯೂ ಬೀಳದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಬೊಳ್ಳನಿಗೆ ಹೀಗೇ ಆಗಿತ್ತು. ಅವನು ಮುಕ್ಕುವುದು ನೋಡಿ ಮಲ ಕಟ್ಟಿದೆ ಎಂದುಕೊಂಡೆವು. ಒಂದು ರಾತ್ರಿ ಸುಮ್ನೆ ಕಳೆದೆವು. ಬೆಳಿಗ್ಗೆ ಹೊಟ್ಟೆ ಮುಟ್ಟಿದರೆ ಒಳಗೆ ಕಿತ್ತಳೆಯಷ್ಟು ದೊಡ್ಡ ಗಟ್ಟಿ ಉಂಡೆ. ತುಂಬಿದ ಮೂತ್ರಚೀಲ ಅದು. ಮಂಗಳೂರಿಗೆ ಕರೆದುಕೊಂಡು ಹೋಗಿ, ಅರಿವಳಿಕೆ ಕೊಟ್ಟು ನಳಿಗೆ ಹಾಕಿ ತೆಗೆಸಿದೆವು. ಬದುಕಿದ. ಆ ರಾತ್ರಿ ಮಾತ್ರ ನನಗೆ ಇವತ್ತಿಗೂ ಮರೆಯುವುದಿಲ್ಲ. ಹಾಗಾಗಿ ದಿನಾ ಹೊಯಿಗೆಯಲ್ಲಿ ಎಷ್ಟು ಒದ್ದೆ ಉಂಡೆ ಇದೆ ಅಂತ ಎಣಿಸಿಡಿ.

ಮೂತ್ರ ಹೋಗುತ್ತಿದೆ ಅಂತಾದರೆ ಇನ್ನು ಮಾತ್ರೆಯ ವಿಷಯ. ನನ್ನ ಪ್ರಕಾರ ನಿಮ್ಮ ಕಷ್ಟ ಮಾತ್ರೆಯದ್ದಲ್ಲ, ಮಂಚದ ಅಡಿಯಿಂದ ಎಳೆಯುವುದರದ್ದು. ಆ ಮನೆಯಲ್ಲಿ ಕೆಂಚನಿಗೆ ಸಿಕ್ಕಿದ ಒಂದೇ ಭದ್ರ ಜಾಗ ಮಂಚದ ಅಡಿ. ಅಲ್ಲಿಗೂ ಕೈ ಬಂತು ಅಂದರೆ ಅವನಿಗೆ ಇನ್ನೆಲ್ಲಿ ಜಾಗ? ಹೆದರಿಕೆಯಿಂದ ಬಂದ ಕಾಯಿಲೆ. ಮದ್ದು ಕೊಡುವಾಗ ಇನ್ನಷ್ಟು ಹೆದರಿಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದ ಹಾಗೆ. ಅಡಗಿದ ಜಾಗದಿಂದ ಯಾವತ್ತೂ ಎಳೆಯಬೇಡಿ. ತಾನಾಗಿ ಹೊರಗೆ ಬಂದಾಗ, ಊಟದ ಹೊತ್ತಿಗೆ, ಮದ್ದು ಕೊಡಿ. ಹೊತ್ತು ಅರ್ಧ ಗಂಟೆ ಆಚೀಚೆ ಆಗಬಹುದಾ ಅಂತ ಡಾಕ್ಟರ ಹತ್ತಿರ ಫೋನಿನಲ್ಲಿ ಕೇಳಿಕೊಳ್ಳಿ.

ರಸ್ತೆ ಕಡೆಯಲ್ಲದ ಒಂದು ಸಣ್ಣ ಕೋಣೆ ಅವನಿಗೆ ಬಿಟ್ಟುಕೊಡಿ. ಒಂದು ಮೂಲೆಯಲ್ಲಿ ಊಟ, ಅದರಿಂದ ದೂರ ನೀರು, ಎದುರು ಮೂಲೆಯಲ್ಲಿ ಅಗಲ ಟಬ್ಬಿನಲ್ಲಿ ಹೊಯಿಗೆ. ಊಟದ ಪಕ್ಕದಲ್ಲೇ ಹೊಯಿಗೆ ಇಟ್ಟರೆ ಬೆಕ್ಕಿಗೆ ಆಗುವುದಿಲ್ಲ. ಅವನು ಬಟ್ಟೆಯ ಮೇಲೆ ಮೂತ್ರ ಮಾಡುವುದು ಹಟದಿಂದ ಅಲ್ಲ, ಬೈಯಬೇಡಿ. ಬಟ್ಟೆ ಮೆತ್ತಗಿದೆ, ನಿಮ್ಮ ವಾಸನೆ ಇದೆ, ಅಷ್ಟೇ.

ಹಂಚಿನ ಮನೆಯಲ್ಲಿ ಅಟ್ಟ ಇತ್ತು ಅಲ್ವಾ? ಅಟ್ಟ, ಜಂತಿ, ಅಡಕೆ ಗೋಣಿಯ ರಾಶಿ, ಎಲ್ಲಿ ಬೇಕಾದರೂ ಹತ್ತಿ ಕೂತು ಕೆಳಗೆ ನೋಡಬಹುದಿತ್ತು. ಟೆರೇಸು ಮನೆಯಲ್ಲಿ ಎತ್ತರದ ಜಾಗವೇ ಇರುವುದಿಲ್ಲ. ಕಪಾಟಿನ ಮೇಲ್ಭಾಗ ಖಾಲಿ ಮಾಡಿ. ಹತ್ತಲು ಪಕ್ಕದಲ್ಲಿ ಒಂದು ಸ್ಟೂಲು ಇಡಿ. ಹಳೇ ಮನೆಯಲ್ಲಿ ಅವನು ಮಲಗುತ್ತಿದ್ದ ಗೋಣಿಯೋ ಕಂಬಳಿಯೋ ಇದ್ದರೆ ತೊಳೆಯದೆ ಅಲ್ಲಿ ಹಾಸಿ. ಬೆಕ್ಕಿಗೆ ಮನೆ ಅಂದರೆ ವಾಸನೆ. ಕೆನ್ನೆಯನ್ನು ಬಾಗಿಲಿಗೆ, ನಮ್ಮ ಕಾಲಿಗೆ ಉಜ್ಜುತ್ತದಲ್ಲ, ಅಲ್ಲಿ ಅದರ ವಾಸನೆ ಬಿಡುವ ಗ್ರಂಥಿ ಇದೆ. ಒಂದು ಹತ್ತಿ ಬಟ್ಟೆಯಲ್ಲಿ ಅವನ ಕೆನ್ನೆ ಮೆಲ್ಲಗೆ ಒರೆಸಿ, ಅದನ್ನು ಬಾಡಿಗೆ ಮನೆಯ ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ, ಬೆಕ್ಕಿನಷ್ಟೇ ಎತ್ತರದಲ್ಲಿ ಉಜ್ಜಿ. ನಾನು ಬೊಳ್ಳನಿಗೆ ಹತ್ತು ದಿನ ಮಾಡಿದೆ. ನೆಲ ಒರೆಸಲು ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್ ಬಳಸಬೇಡಿ. ವಾಸನೆ ಅಳಿಸುವುದು ಮಾತ್ರ ಅಲ್ಲ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ಬೆಕ್ಕಿಗೆ ಅದು ವಿಷ.

ಇನ್ನು ನಿಮ್ಮ ಕೈ. ದಿನಕ್ಕೆ ನಾಲ್ಕೈದು ಸಲ ಕೋಣೆಗೆ ಹೋಗಿ ನೆಲದಲ್ಲಿ ಕೂತುಕೊಳ್ಳಿ. ಮುಟ್ಟಬೇಡಿ. ಅವನು ನೋಡಿದಾಗ ಕಣ್ಣು ನಿಧಾನ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ನಾವು ಹಾಗೆ ಮಾಡಿದರೆ ಬೆಕ್ಕೂ ಹಾಗೆಯೇ ಕಣ್ಣು ಮಿಟುಕಿಸುತ್ತದೆ, ಅಪರಿಚಿತರ ಹತ್ತಿರವೂ ಬರುವುದು ಜಾಸ್ತಿ. ಆಮೇಲೆ ಒಂದು ಚೂರು ಮೀನು ಇಟ್ಟು ಎದ್ದು ಬನ್ನಿ. ಕೈ ಬಂದರೆ ಐದು ಸಲದಲ್ಲಿ ನಾಲ್ಕು ಸಲ ಒಳ್ಳೆಯದೇ ಆಗುತ್ತದೆ ಅಂತ ಅವನಿಗೆ ಗೊತ್ತಾಗಲಿ. ಐದನೆಯದು ಮಾತ್ರೆ.

ಉಪ್ಪಳದಿಂದ:

ನೀರ್ಚಾಲಿನ ಅಕ್ಕ ಹೇಳಿದ್ದು ಸರಿ. ನಾನು ಮಾತ್ರೆ ಕೊಡುವ ಕ್ರಮ ಮಾತ್ರ ಬರೆಯುತ್ತೇನೆ. ನಮ್ಮ ಮನೆಯಲ್ಲಿ ನಾಲ್ಕು ಬೆಕ್ಕು. ಒಂದಕ್ಕೆ ಎರಡು ವರ್ಷದಿಂದ ದಿನಾ ಮಾತ್ರೆ ಇದೆ.

ಮೊದಲು ಮೀನಿನಲ್ಲಿ ನೋಡಿ. ಬೂತಾಯಿ ಅಥವಾ ಬಂಗುಡೆ, ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು, ಕಡಲೆಯಷ್ಟು ಸಣ್ಣ ಮೂರು ಉಂಡೆ ಮಾಡಿ. ಮಾತ್ರೆ ಎರಡನೆಯದರಲ್ಲಿ. ಮಾತ್ರೆ ಮುಟ್ಟಿದ ಬೆರಳಲ್ಲಿ ಉಂಡೆಯ ಹೊರಗೆ ಮುಟ್ಟಬೇಡಿ, ಕಹಿ ಅಂಟುತ್ತದೆ. ಮೊದಲನೆಯದು ಕೊಡಿ. ಎರಡನೆಯದು ಕೊಡುವಾಗ ಮೂರನೆಯದು ಕಣ್ಣೆದುರೇ ಇರಲಿ. ಮುಂದಿನದ್ದರ ಆಸೆಯಲ್ಲಿ ಇದನ್ನು ಅಗಿಯದೆ ನುಂಗುತ್ತದೆ. ಹಸಿದಿರುವಾಗ ಮಾಡಬೇಕು. ನಮ್ಮ ನಾಲ್ಕರಲ್ಲಿ ಮೂರಕ್ಕೆ ಇದು ನಡೆಯುತ್ತದೆ.

ನಾಲ್ಕನೆಯದಕ್ಕೆ ಕೈಯಿಂದಲೇ ಹಾಕಬೇಕು. ಮೇಜಿನ ಮೇಲೆ ಬೈರಾಸು (ಟವೆಲು) ಹಾಸಿ ಕೂರಿಸುತ್ತೇನೆ, ಕಾಲು ಜಾರಬಾರದು. ಅದರ ಬೆನ್ನು ನನ್ನ ಹೊಟ್ಟೆಗೆ, ಮುಖ ಆ ಕಡೆಗೆ. ಎದುರು ನಿಂತರೆ ಹೆದರುತ್ತದೆ. ಎಡಗೈಯನ್ನು ತಲೆಯ ಮೇಲಿನಿಂದ ತಂದು ಹೆಬ್ಬೆರಳು ಒಂದು ಕೆನ್ನೆಮೂಳೆಗೆ, ನಡುಬೆರಳು ಇನ್ನೊಂದಕ್ಕೆ. ಮೂಗು ಮೇಲಕ್ಕೆ, ಮಾಡಿನ ಕಡೆ ತಿರುಗಿಸಿದರೆ ಕೆಳದವಡೆ ತಾನಾಗಿ ಸಡಿಲ ಆಗುತ್ತದೆ. ಬಲಗೈಯ ನಡುಬೆರಳಿನಿಂದ ಮುಂದಿನ ಸಣ್ಣ ಹಲ್ಲುಗಳ ಮೇಲೆ ಒತ್ತಿ, ಹೆಬ್ಬೆರಳು ತೋರುಬೆರಳಲ್ಲಿ ಹಿಡಿದ ಮಾತ್ರೆಯನ್ನು ನಾಲಿಗೆಯ ಬುಡದಲ್ಲಿ, ಸರಿಯಾಗಿ ನಡುವಿನಲ್ಲಿ ಬಿಡಬೇಕು. ಬದಿಗೆ ಬಿದ್ದರೆ ಉಗುಳುತ್ತದೆ. ಬಾಯಿ ಮುಚ್ಚಿಸಿ, ತಲೆ ಇಳಿಸಿ, ಗಂಟಲು ಸವರಿ. ನಾಲಿಗೆ ಹೊರಗೆ ಬಂದು ಮೂಗು ನೆಕ್ಕಿತು ಅಂದರೆ ನುಂಗಿತು ಅಂತ ತಿಳಿಯಿರಿ. ಪರಚುವುದು ಜಾಸ್ತಿಯಾದರೆ ಕುತ್ತಿಗೆಯಿಂದ ಕೆಳಗೆ ಬೈರಾಸಿನಲ್ಲಿ ಸುತ್ತಿ, ಮುಂಗಾಲು ಒಳಗೆ ಇರಲಿ. ಎರಡು ಸಲ ತಪ್ಪಿದರೆ ಬಿಟ್ಟುಬಿಡಿ. ಒಂದು ಗಂಟೆ ಕಳೆದು ಮತ್ತೆ ನೋಡಿ.

ಆಮೇಲೆ ನೀರು, ಇದನ್ನು ತಪ್ಪಿಸಬಾರದು. ಸೂಜಿ ಇಲ್ಲದ ಸಿರಿಂಜಿನಲ್ಲಿ 5 ಎಂ.ಎಲ್. ನೀರು, ಕೋರೆಹಲ್ಲಿನ ಹಿಂದಿನ ಸಂದಿಯಿಂದ ಸ್ವಲ್ಪ ಸ್ವಲ್ಪವೇ. ಒಣ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಕೂರುತ್ತದೆ. ಡಾಕ್ಸಿಸೈಕ್ಲಿನ್ ಥರದ ಮಾತ್ರೆ ಹಾಗೆ ಕೂತರೆ ಅಲ್ಲಿ ಹುಣ್ಣಾಗಿ ನಾಳವೇ ಸಪೂರ ಆಗಬಹುದು.

ಕುಂಬಳೆಯಿಂದ:

ತುಂಬಾ ಧನ್ಯವಾದ. ಮೂತ್ರ ಹೋಗುತ್ತಿದೆ, ಇವತ್ತು ಸ್ವಲ್ಪ ಸ್ವಲ್ಪ ನಾಲ್ಕು ಸಲ. ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕಿದರೆ ಆಗುವುದಿಲ್ಲವಾ? ಅತ್ತೆ ಹಾಗೆ ಹೇಳುತ್ತಿದ್ದಾರೆ.

ನೀರ್ಚಾಲಿನಿಂದ:

ಬೇಡ. ಬಟ್ಟಲಲ್ಲಿ ಅರ್ಧ ಬಿಟ್ಟರೆ ಮದ್ದು ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ. ಕಹಿ ಸಿಕ್ಕಿದ ಮೇಲೆ ಆ ಬಟ್ಟಲನ್ನೇ ಬಿಟ್ಟುಬಿಡುತ್ತಾನೆ. ಈಗ ಅವನು ಊಟ ಬಿಟ್ಟರೆ ಅದು ಇನ್ನೊಂದು ಕಷ್ಟ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪ ಇದ್ದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಕೆಲವು ಮಾತ್ರೆ ಪುಡಿ ಮಾಡಲೇಬಾರದು, ಕೆಲವು ಹಾಲಿನ ಜೊತೆ ಸೇರಿದರೆ ಮೈಗೆ ಹಿಡಿಯುವುದಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲೂ ಸರಿಯಾಗಿ ಜೀರ್ಣ ಆಗುವುದಿಲ್ಲ. ನುಂಗಿಸಲು ಆಗದಿದ್ದರೆ ಇದೇ ಮದ್ದು ದ್ರವ ರೂಪದಲ್ಲಿ ಉಂಟಾ ಎಂದು ಡಾಕ್ಟರನ್ನೇ ಕೇಳಿ.

ನೀರು ಜಾಸ್ತಿ ಹೋಗಲಿ, ಮೂತ್ರಚೀಲಕ್ಕೆ ಅದೇ ದೊಡ್ಡ ಮದ್ದು. ಮೀನು ಬೇಯಿಸಿದ ಸಪ್ಪೆ ನೀರನ್ನೇ ತಣಿಸಿ ಇಡಿ. ಸಾರು ಮಾತ್ರ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ಪೆರ್ಲದಿಂದ:

ನಮ್ಮದು ಸಸ್ಯಾಹಾರಿ ಮನೆ. ಪುಚ್ಚೆಗೆ ಅನ್ನ, ಮಜ್ಜಿಗೆ, ಅದು ತಾನೇ ಹಿಡಿದ ಇಲಿ. ಮೀನಿನ ಉಂಡೆ ನಮ್ಮಲ್ಲಿ ನಡೆಯುವುದಿಲ್ಲ. ಬೆಣ್ಣೆಯಲ್ಲಿ ಸುತ್ತಿ ಕೊಡುತ್ತಿದ್ದೆವು, ಹಾಲಿನ ಪದಾರ್ಥ ಆಗುತ್ತದೆ ಅಂತ ಡಾಕ್ಟರು ಹೇಳಿದ ಮಾತ್ರೆಗೆ ಮಾತ್ರ. ಈಗ ಬೆಕ್ಕಿನ ಪೇಸ್ಟು ಆಹಾರ ಸಣ್ಣ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅದನ್ನೇ ತರುತ್ತೇನೆ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ. ಕಮ್ಮಿಯಾದರೆ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಇಲಿ ಹಿಡಿಯದ ಬೆಕ್ಕಿಗೆ ಬರೀ ಮಜ್ಜಿಗೆ ಅನ್ನ ಸಾಲುವುದಿಲ್ಲ.

ನಾನು ಬರೆಯಲು ಬಂದದ್ದು ಇನ್ನೊಂದಕ್ಕೆ. ನಮ್ಮಲ್ಲಿ ಚಿಕ್ಕಿ ಅಂತ ಒಂದು ಇತ್ತು. ಜೂನ್ ತಿಂಗಳ ಜಡಿಮಳೆಯಲ್ಲಿ ನೆನೆದು ಬಂದು ಮುದುಡಿ ಮಲಗಿತ್ತು. ಮೈ ಬಿಸಿ ಇದೆ ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ನಾನೇ ಕೊಟ್ಟೆ. ಸಂಜೆಗೆ ಮುಖ ಊದಿತು. ವಸಡು ಕಂದು ಬಣ್ಣಕ್ಕೆ ತಿರುಗಿತು. ಬೆಳಗಾಗುವಾಗ ಹೋಗಿಬಿಟ್ಟಿತು. ಮನುಷ್ಯರ ದೇಹ ಆ ಮದ್ದನ್ನು ಒಡೆದು ಹೊರಹಾಕುವ ಹಾಗೆ ಬೆಕ್ಕಿನ ದೇಹಕ್ಕೆ ಆಗುವುದಿಲ್ಲ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಬೇಗ ಕೊಂಡುಹೋದರೆ ಪ್ರತಿಮದ್ದು ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಡೋಲೋ, ಕ್ರೋಸಿನ್, ಹೆಸರು ಯಾವುದೇ ಇರಲಿ, ಒಳಗಿರುವುದು ಅದೇ. ಕೆಂಚನಿಗೆ ನೋವಿದೆ ಅಂತ ಮನೆಯ ಮಾತ್ರೆ ಯಾರೂ ಕೊಡದ ಹಾಗೆ ನೋಡಿಕೊಳ್ಳಿ. ನಾಯಿಯ ಉಣ್ಣೆಗೆ ಬೆನ್ನಿಗೆ ಹಾಕುವ ಮದ್ದೂ ಬೇಡ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿಗೆ ಸೆಳೆತ ಬರುತ್ತದೆ.

ಮುಳ್ಳೇರಿಯದಿಂದ:

ಎರಡು ಸಣ್ಣ ವಿಷಯ. ನಮ್ಮ ಕಾಸರಗೋಡು ಕಡೆ ಮೃಗಾಸ್ಪತ್ರೆಯಲ್ಲಿ ಹೆಚ್ಚಾಗಿ ಮಲಯಾಳದಲ್ಲಿ ಹೇಳುತ್ತಾರೆ. ನಮಗೆ ಅರ್ಥ ಆದ ಹಾಗೆ ಆಗಿರುತ್ತದೆ, ಮನೆಗೆ ಬಂದ ಮೇಲೆ ಕಾಲೋ ಅರ್ಧವೋ ಅಂತ ಸಂಶಯ. ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಊಟಕ್ಕೆ ಮೊದಲೋ ಆಮೇಲೋ ಅಂತ ಚೀಟಿಯಲ್ಲಿ ಅಂಕೆಯಲ್ಲೇ ಬರೆಸಿಕೊಳ್ಳಿ. ನಾಲ್ಕು ಕೆ.ಜಿ. ಪ್ರಾಣಿಗೆ ಕಾಲು ಮಾತ್ರೆಯ ವ್ಯತ್ಯಾಸ ದೊಡ್ಡದು.

ಇನ್ನೊಂದು, ಕಚ್ಚಿದರೆ. ಬೆಕ್ಕಿನ ಹಲ್ಲು ಸೂಜಿಯಂತೆ, ಮೇಲೆ ಸಣ್ಣ ತೂತು, ಒಳಗೆ ಆಳಕ್ಕೆ ಹೋಗಿರುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯ ಬೆಕ್ಕು ತಾನೇ ಅಂತ ಬಿಡಬೇಡಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಕೆಂಚನಿಗೆ ವರ್ಷದ ಚುಚ್ಚುಮದ್ದು ಬಾಕಿ ಇದ್ದರೆ ಗುಣ ಆದ ಮೇಲೆ ಹಾಕಿಸಿ.

ಕುಂಬಳೆಯಿಂದ:

ಮೂರು ದಿನ ಆಯಿತು. ಹಿಂದಿನ ಕೋಣೆ ಅವನಿಗೇ ಬಿಟ್ಟಿದ್ದೇವೆ. ಮೊದಲ ದಿನ ಎರಡನೇ ಉಂಡೆ ಉಗುಳಿದ. ನಿನ್ನೆ, ಇವತ್ತು ನುಂಗಿದ. ಕಪಾಟಿನ ಮೇಲೆ ಇನ್ನೂ ಹತ್ತಿಲ್ಲ, ಸ್ಟೂಲಿನ ಮೇಲೆ ಕೂತಿರುತ್ತಾನೆ. ಬಟ್ಟೆಯ ಮೇಲೆ ಮೂತ್ರ ಮಾಡಿಲ್ಲ. ನಾನು ಕಣ್ಣು ಮುಚ್ಚಿ ತೆರೆದರೆ ಅವನೂ ಮುಚ್ಚುತ್ತಾನೆ, ಹತ್ತಿರ ಬರುವುದಿಲ್ಲ. ಶುಕ್ರವಾರ ಮತ್ತೆ ಡಾಕ್ಟರ ಹತ್ತಿರ ಹೋಗಲಿಕ್ಕಿದೆ. ಹೋದ ಸಲ ಗೋಣಿಯಲ್ಲಿ ಹಾಕಿ ಕೊಂಡುಹೋಗಿದ್ದೆವು, ಪಾಪ ದಾರಿಯುದ್ದಕ್ಕೂ ಕೂಗುತ್ತಿದ್ದ. ಯಾರಲ್ಲಾದರೂ ಬೆಕ್ಕಿನ ಪೆಟ್ಟಿಗೆ ಇದೆಯಾ?

ಉಪ್ಪಳದಿಂದ:

ನಮ್ಮಲ್ಲಿ ಇದೆ, ಮೇಲಿನಿಂದ ತೆರೆಯುವಂಥದ್ದು. ಶುಕ್ರವಾರ ಬೆಳಿಗ್ಗೆ ಅಲ್ಲ, ಇವತ್ತೇ ಬಂದು ತೆಗೆದುಕೊಂಡು ಹೋಗಿ. ಬಾಗಿಲು ತೆಗೆದು ಅವನ ಕೋಣೆಯಲ್ಲೇ ಇಡಿ, ಒಳಗೆ ಅವನ ಗೋಣಿಯ ತುಂಡು ಹಾಸಿ, ಮೂರನೇ ಉಂಡೆಯನ್ನು ಅದರೊಳಗೇ ಕೊಡಿ. ನಮ್ಮ ಬೆಕ್ಕಿಗೆ ಪ್ರಯಾಣದ ಮೊದಲು ಡಾಕ್ಟರು ಗಾಬಾಪೆಂಟಿನ್ ಎಂಬ ಮದ್ದು ಬರೆದುಕೊಡುತ್ತಾರೆ. ಹೊರಡುವ ಎರಡು ಗಂಟೆ ಮೊದಲು ಕೊಟ್ಟರೆ ಸ್ವಲ್ಪ ತೂಕಡಿಸುತ್ತಾ ಸುಮ್ಮನಿರುತ್ತದೆ. ಕೆಂಚನಿಗೆ ಆಗಬಹುದಾ ಅಂತ ಫೋನು ಮಾಡಿ ಕೇಳಿ. ಪೆಟ್ಟಿಗೆಯ ಮೇಲೆ ಬೈರಾಸು ಹೊದೆಸಿ, ಆಸ್ಪತ್ರೆಯಲ್ಲಿ ನೆಲಕ್ಕೆ ಇಡಬೇಡಿ, ಅಲ್ಲಿ ನಾಯಿಗಳು ಇರುತ್ತವೆ. ಮಡಿಲಲ್ಲೇ ಇಟ್ಟುಕೊಳ್ಳಿ. ಸಂಜೆ ಐದರ ನಂತರ ನಾನು ಮನೆಯಲ್ಲೇ ಇರುತ್ತೇನೆ.