ಅಕ್ಕನಿಗೆ ಎಂಆರ್‌ಐ ಬರೆದಿದ್ದಾರೆ, ಸ್ಕ್ಯಾನಿಂಗ್ ಸಾಕಾಗಲ್ವಾ?

ಸುಮಾ, ಹಾಸನ:
ಅಕ್ಕನಿಗೆ 38 ವರ್ಷ. ಮುಟ್ಟಿನ ಹೊಟ್ಟೆನೋವು ಜಾಸ್ತಿ ಅಂತ ಸ್ಕ್ಯಾನಿಂಗ್ ಮಾಡಿಸಿದೆವು. ಎಡ ಅಂಡಾಶಯದಲ್ಲಿ 6 ಸೆಂ.ಮೀ. ಗಡ್ಡೆ ಇದೆ, ಯಾವ ಬಗೆಯದು ಅಂತ ಹೇಳಲಾಗದು ಎಂದು ರಿಪೋರ್ಟ್ ಬಂತು. ರಕ್ತದಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರ್‌ನಲ್ಲಿ ಏರಬಹುದಾದ ಒಂದು ಪ್ರೋಟೀನ್) ಪ್ರಮಾಣ 68 ಇದೆ, 35ರ ಒಳಗಿರಬೇಕಂತೆ. ಈಗ ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡಿಸಿ ಅಂದಿದ್ದಾರೆ. ಮನೆಯಲ್ಲಿ ‘ಸುಮ್ನೆ ದುಡ್ಡು ದಂಡ, ಆಪರೇಷನ್ ಮಾಡಿಸಿ ತೆಗೆಸಿಬಿಡಿ’ ಅಂತಾರೆ. ಅಕ್ಕ ರಾತ್ರಿ ನಿದ್ದೆ ಮಾಡುತ್ತಿಲ್ಲ. ಸೂಜಿ ಹಾಕಿ ಸ್ವಲ್ಪ ತೆಗೆದು ನೋಡಿದರೆ ಆಗಲ್ವಾ?

ಡಾ. ವೀಣಾ, ರೇಡಿಯಾಲಜಿ:
ಸುಮಾ ಅವರೇ, ಇಂಥ ಎಂಆರ್‌ಐಗಳಿಗೆ ರಿಪೋರ್ಟ್ ಬರೆಯುವುದೇ ನನ್ನ ಕೆಲಸ. ಆಪರೇಷನ್‌ಗೆ ಮೊದಲು ದಯವಿಟ್ಟು ಮಾಡಿಸಿ. 68 ಅಂದ ತಕ್ಷಣ ಕ್ಯಾನ್ಸರ್ ಅಂದುಕೊಳ್ಳಬೇಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ, ಮುಟ್ಟಿನ ದಿನಗಳಲ್ಲೂ ಅದು ಏರಬಹುದು.

ಎಂಡೊಮೆಟ್ರಿಯೋಸಿಸ್‌ನಿಂದ ಆಗುವ, ಹಳೇ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್ ಎಂಆರ್‌ಐನ ಟಿ1 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಡರ್ಮಾಯ್ಡ್ ಎಂಬ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಡ್ಡೆಯೊಳಗಿನ ಕೊಬ್ಬೂ ಹಾಗೇ. ಆಗ ಕೊಬ್ಬಿನ ಹೊಳಪು ಅಳಿಸುವ ಇನ್ನೊಂದು ಚಿತ್ರ ತೆಗೆಯುತ್ತೇವೆ. ಕಪ್ಪಾದರೆ ಡರ್ಮಾಯ್ಡ್. ಬೆಳ್ಳಗೇ ಉಳಿದು, ಟಿ2 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಮಬ್ಬಾಗಿ ಕಂಡರೆ ಚಾಕೊಲೇಟ್ ಸಿಸ್ಟ್ ಅನ್ನೋದು ಹೆಚ್ಚುಕಡಿಮೆ ಗಟ್ಟಿ.

ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡುವುದು ಗಡ್ಡೆಯ ಒಳಗೋಡೆಯನ್ನು. ಅಲ್ಲಿ ಮಾಂಸದಂಥ ಉಬ್ಬು ಇದ್ದು, ಗ್ಯಾಡೊಲಿನಿಯಂ (ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ) ಕೊಟ್ಟಾಗ ಗರ್ಭಕೋಶದ ಸ್ನಾಯುವಿಗಿಂತ ಬೇಗ ಹೊಳೆದರೆ ಕ್ಯಾನ್ಸರ್ ಅನುಮಾನ ಬಲವಾಗುತ್ತದೆ. ಹೆಪ್ಪುಗಟ್ಟಿದ ರಕ್ತವಾದರೆ ಇದ್ದ ಹಾಗೇ ಇರುತ್ತದೆ. ಕಾಂಟ್ರಾಸ್ಟ್ ಬೇಕಾಗಿರುವುದು ಇದಕ್ಕೇ.

ರಿಪೋರ್ಟ್‌ನಲ್ಲಿ ಓ-ರಾಡ್ಸ್ ಅಂಕ ಕೇಳಿ. ಅಂಡಾಶಯದ ಗಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಎಷ್ಟು ಎಂದು ಹೇಳುವ ಅಂಕ ಅದು. 2 ಅಂದರೆ ಕ್ಯಾನ್ಸರ್ ಸಾಧ್ಯತೆ 0.5%ಕ್ಕಿಂತ ಕಡಿಮೆ, 3ಕ್ಕೆ ಸುಮಾರು 5%, 4ಕ್ಕೆ 50%, 5ಕ್ಕೆ 90%. 4 ಅಥವಾ 5 ಬಂದರೆ ಮೊದಲ ಆಪರೇಷನ್ನೇ ಕ್ಯಾನ್ಸರ್ ಸರ್ಜನ್ ಕೈಯಲ್ಲಿ ಆಗಬೇಕು. 2 ಬಂದರೆ ಅಂಡಾಶಯ ಉಳಿಸಿಕೊಳ್ಳುವ ಮಾತಾಡಬಹುದು. 38ರ ಹೆಂಗಸಿಗೆ ಅದು ಸಣ್ಣ ವಿಷಯವಲ್ಲ.

ಸೂಜಿ ಮಾತ್ರ ಬೇಡ. ಕ್ಯಾನ್ಸರ್ ಇದ್ದರೆ ಒಳಗಿನ ದ್ರವ ಹೊಟ್ಟೆಯೊಳಗೆ ಚೆಲ್ಲಿ ಹರಡಬಹುದು.

ಮಂಜುಳಾ:
ನನಗೂ ಆಗಿತ್ತು. ಮೂಗುತಿ, ತಾಳಿ, ಕಾಲುಂಗುರ ಎಲ್ಲಾ ಬಿಚ್ಚಿಸುತ್ತಾರೆ, ಮನೆಯಲ್ಲೇ ತೆಗೆದಿಟ್ಟು ಹೋಗಿ. ಮೂಗುತಿ ಬಿಗಿಯಾಗಿದ್ದರೆ ಹಿಂದಿನ ದಿನವೇ ಸಡಿಲಿಸಿ. ಒಳಗೆ ಟಕಟಕ ಸದ್ದು ಜೋರು, ಕಿವಿಗೆ ಹತ್ತಿ ಕೊಡುತ್ತಾರೆ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ) ರಿಪೋರ್ಟ್, ಹಳೇ ಸ್ಕ್ಯಾನಿಂಗ್ ಫಿಲಂ ತಗೊಂಡು ಹೋಗಿ.

ಸುಮಾ, ಹಾಸನ:
ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಓದಿ ಹೇಳಿದೆ. ಗುರುವಾರಕ್ಕೆ ಬುಕ್ ಮಾಡಿದೀವಿ. ಅವತ್ತು ಮುಟ್ಟಾದರೆ ಮುಂದೆ ಹಾಕಬೇಕಾ?

ಡಾ. ವೀಣಾ, ರೇಡಿಯಾಲಜಿ:
ಬೇಡ, ಮಾಡಿಸಬಹುದು. ಕೊನೆಯ ಮುಟ್ಟಿನ ತಾರೀಕು ಮಾತ್ರ ಫಾರಂನಲ್ಲಿ ಬರೆಸಿ. ಕಾಪರ್-ಟಿ ಇದ್ದರೆ ಅದನ್ನೂ ಹೇಳಿ.